ಕೂಡು ಹುಲ್ಲೆಯ ತಲೆಯನ್ನು ಅಮೆರಿಕಕ್ಕೆ ಕಳಿಸುವ ಕೆಲಸ

ನಾನು ಕೆಲಸ ಮಾಡುವುದು ಜೋಹಾನ್ಸ್‌ಬರ್ಗ್ ವಿಮಾನ ನಿಲ್ದಾಣದ ಪಕ್ಕದ ಕೆಂಪ್ಟನ್ ಪಾರ್ಕ್‌ನಲ್ಲಿ. ದಕ್ಷಿಣ ಆಫ್ರಿಕಾಕ್ಕೆ ಬೇಟೆಗೆಂದು ಬಂದ ವಿದೇಶಿಯರ ಟ್ರೋಫಿಗಳನ್ನು, ಅಂದರೆ ಹೊಡೆದ ಪ್ರಾಣಿಯ ತಲೆ, ಕೊಂಬು, ಚರ್ಮವನ್ನು, ಅವರವರ ದೇಶಕ್ಕೆ ಕಳಿಸುವ ಏಜೆಂಟ್ ಕಚೇರಿ ನಮ್ಮದು. ಊರಿಗೆ ಹೋದಾಗ ಹೀಗೆಂದರೆ ಜನ ಒಂಥರಾ ನೋಡುತ್ತಾರೆ. ಬೇಟೆ ಸರಿಯೋ ತಪ್ಪೋ ಎಂಬ ಜಗಳ ನನ್ನೊಳಗೂ ಮುಗಿದಿಲ್ಲ. ಆದರೆ ಇಲ್ಲಿ ಅದು ಪರ್ಮಿಟ್ ಪಡೆದು ನಡೆಯುವ ವ್ಯವಹಾರ. ನನ್ನ ಟೇಬಲ್ಲಿಗೆ ಬರುವುದು ಕಾಗದ, ಗೋದಾಮಿಗೆ ಬರುವುದು ಕ್ರೇಟ್.

ಯಾವ ಗಿರಾಕಿ ಫೋನ್ ಮಾಡಿದರೂ ನಾನು ಮೊದಲು ಕೇಳುವುದು ಒಂದೇ: ಹಸಿಯಾಗಿ ಕಳಿಸಬೇಕೋ, ಇಲ್ಲೇ ಮೌಂಟ್ ಮಾಡಿಸಿ, ಅಂದರೆ ಜೀವಂತ ಪ್ರಾಣಿಯ ಹಾಗೆ ಕಾಣುವಂತೆ ಮಾಡಿಸಿ, ಕಳಿಸಬೇಕೋ? ಇದನ್ನು ಬೇಟೆಗೆ ಮುಂಚೆಯೇ ತೀರ್ಮಾನಿಸಿಕೊಂಡು ಬರುವವರು ಕಡಿಮೆ. ಆಮೇಲಿನ ಖರ್ಚು, ಕಾಗದ, ಕಾಯುವಿಕೆ ಎಲ್ಲಾ ಇದರ ಮೇಲೇ ನಿಂತಿದೆ.

ಹಸಿಯಾಗಿ ಕಳಿಸುವುದಕ್ಕೆ ಇಲ್ಲಿ ‘ಡಿಪ್ ಅಂಡ್ ಪ್ಯಾಕ್’ ಅನ್ನುತ್ತಾರೆ. ಚರ್ಮಕ್ಕೆ ಉಪ್ಪು ಹಾಕಿ ಚೆನ್ನಾಗಿ ಒಣಗಿಸುತ್ತಾರೆ. ತಲೆಬುರುಡೆಯನ್ನು ಮಾಂಸದ ಚೂರೂ ಉಳಿಯದ ಹಾಗೆ ಬೇಯಿಸಿ ಕೆರೆಯುತ್ತಾರೆ. ಆಮೇಲೆ ಹುಳು, ರೋಗಾಣು ಸಾಯುವ ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ಸರ್ಕಾರಿ ಪಶುವೈದ್ಯರ ಪ್ರಮಾಣಪತ್ರ ಇಲ್ಲದೆ ಇದು ಹೊರಡುವುದಿಲ್ಲ. ಕಾಲುಬಾಯಿ ರೋಗದ ಭಯ ಸುಮ್ನೆ ಅಲ್ಲ, ನಮ್ಮ ಕಡೆ ದನ ಸಾಕಿದವರಿಗೆ ಹೇಳಬೇಕಾಗಿಲ್ಲ. ವಾರ್ಟ್‌ಹಾಗ್ ಎಂಬ ಕಾಡುಹಂದಿ ಇದ್ದರೆ ಆಫ್ರಿಕನ್ ಹಂದಿಜ್ವರದ ಚಿಂತೆ ಬೇರೆ. ಅಮೆರಿಕಕ್ಕೆ ಹೋಗುವ ಇಂಥ ಹಸಿ ಸರಕು ಅಲ್ಲಿನ ಕೃಷಿ ಇಲಾಖೆ ಒಪ್ಪಿದ ಟ್ಯಾಕ್ಸಿಡರ್ಮಿ (ಇಂಥ ಮೌಂಟ್ ಮಾಡುವ) ಅಂಗಡಿಗೇ ನೇರವಾಗಿ ಹೋಗಬೇಕು. ಗಿರಾಕಿಯ ಮನೆ ಬಾಗಿಲಿಗಲ್ಲ.

ಪೂರ್ತಿ ಮೌಂಟ್ ಆದದ್ದಕ್ಕೆ ರೋಗದ ನಿಯಮಗಳ ಕಾಟ ತುಂಬಾ ಕಡಿಮೆ. ಆದರೆ ಪೆಟ್ಟಿಗೆ ದೊಡ್ಡದಾಗುತ್ತದೆ. ವಿಮಾನದ ಸರಕಿಗೆ ನಿಜವಾದ ತೂಕ, ಗಾತ್ರದ ತೂಕ ಎರಡನ್ನೂ ನೋಡಿ, ಯಾವುದು ಜಾಸ್ತಿಯೋ ಅದಕ್ಕೆ ಹಣ ಕಟ್ಟಿಸಿಕೊಳ್ಳುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುವುದು ಲೆಕ್ಕ. ಸುರುಳಿ ಕೊಂಬಿನ ಕೂಡು ಹುಲ್ಲೆಯ ಒಂದು ಶೋಲ್ಡರ್ ಮೌಂಟ್ (ತಲೆಯಿಂದ ಭುಜದವರೆಗಿನದು) 140, 100, 90ರ ಕ್ರೇಟಿನಲ್ಲಿ ಕೂತರೆ 210 ಕಿಲೋ ಆಯಿತು. ತಕ್ಕಡಿಯಲ್ಲಿ ಅದರ ಅರ್ಧವೂ ಬರುವುದಿಲ್ಲ! ಅದಕ್ಕೇ ಕೊಂಬನ್ನು ಕಳಚಿ ಜೋಡಿಸುವ ಹಾಗೆ ಮಾಡಿಸಿ ಎಂದು ಟ್ಯಾಕ್ಸಿಡರ್ಮಿಯವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೌಂಟ್ ಮುಗಿದ ಮೇಲೆ ಹೇಳಿದರೆ ಅವರು ಬೈಯುತ್ತಾರೆ, ನ್ಯಾಯವೇ.

ಕಾಗದದಲ್ಲಿ ನನಗೆ ಹೆಚ್ಚು ತಲೆನೋವು ಕೊಡುವುದು ಚಿರತೆಯೂ ಅಲ್ಲ, ಸಿಂಹವೂ ಅಲ್ಲ. ಅವುಗಳ ವಿಷಯದಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್. ಚಿರತೆ ಅದರ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿದೆ. ತರಿಸಿಕೊಳ್ಳುವ ದೇಶದ ಪರ್ಮಿಟ್ ಮೊದಲು ಬರಬೇಕು, ಆಮೇಲೆ ಇಲ್ಲಿಂದ ರಫ್ತಿನ ಪರ್ಮಿಟ್. ಚರ್ಮಕ್ಕೆ ಹಾಕಿದ ಟ್ಯಾಗಿನ ನಂಬರು ಪರ್ಮಿಟ್ಟಿನಲ್ಲಿ ಇರುವ ಹಾಗೇ ಇರಬೇಕು. ರಫ್ತಿನ ಪರ್ಮಿಟ್ಟಿಗೆ ಆರು ತಿಂಗಳ ಆಯಸ್ಸು, ಹಾಗಾಗಿ ಮೌಂಟ್ ಮುಗಿಯುವ ಹೊತ್ತು ನೋಡಿಕೊಂಡೇ ಅರ್ಜಿ ಹಾಕುತ್ತೇನೆ.

ತಲೆನೋವು ಬರುವುದು ಜೀಬ್ರಾದಿಂದ. ಫಾರ್ಮಿನವರು ಬರೀ ‘ಜೀಬ್ರಾ’ ಎಂದು ಬರೆದು ಕಳಿಸುತ್ತಾರೆ. ಬಯಲು ಜೀಬ್ರಾಕ್ಕೆ ಸೈಟಿಸ್ ಪರ್ಮಿಟ್ ಬೇಡ. ಹಾರ್ಟ್‌ಮನ್ ಬೆಟ್ಟದ ಜೀಬ್ರಾ ಎರಡನೇ ಪಟ್ಟಿಯಲ್ಲಿದೆ. ಬಾಂಟೆಬಾಕ್, ಬ್ಲೆಸ್‌ಬಾಕ್ ಹುಲ್ಲೆಗಳದ್ದೂ ಇದೇ ಕತೆ. ನೋಡಲು ಅಣ್ಣತಮ್ಮಂದಿರ ಹಾಗಿವೆ, ಆದರೆ ಬಾಂಟೆಬಾಕ್‌ಗೆ ಅಮೆರಿಕದ ಅಳಿವಿನಂಚಿನ ಪ್ರಾಣಿಗಳ ಕಾನೂನಿನ ಪರ್ಮಿಟ್ ಬೇಕು. ವೈಜ್ಞಾನಿಕ ಹೆಸರು ಬರೆದುಕೊಡದ ಹೊರತು ನಾನು ಫೈಲು ತೆರೆಯುವುದಿಲ್ಲ.

ವಿಮಾನ ಸಂಸ್ಥೆಯನ್ನೂ ಆಗಲೇ ವಿಚಾರಿಸಬೇಕು. 2015ರ ಜುಲೈನಲ್ಲಿ ಜಿಂಬಾಬ್ವೆಯಲ್ಲಿ ಸೆಸಿಲ್ ಎಂಬ ಸಿಂಹದ ಬೇಟೆಯಾಗಿ ಗಲಾಟೆಯಾಯಿತಲ್ಲ, ಮರು ತಿಂಗಳೇ ಡೆಲ್ಟಾ, ಅಮೆರಿಕನ್, ಯುನೈಟೆಡ್ ಸಂಸ್ಥೆಗಳು ಸಿಂಹ, ಚಿರತೆ, ಆನೆ, ಖಡ್ಗಮೃಗ, ಆಫ್ರಿಕದ ಕಾಡೆಮ್ಮೆಯ ಟ್ರೋಫಿ ಒಯ್ಯುವುದಿಲ್ಲ ಎಂದವು. ಪರ್ಮಿಟ್ ಎಲ್ಲಾ ಇದ್ದರೂ ಒಯ್ಯುವವರು ಒಪ್ಪಬೇಕಲ್ವಾ?

ನಡುವೆ ಮೈಸೂರಿನಿಂದಲೂ ಫೋನ್ ಬರುತ್ತದೆ. ‘ಭಾವ, ತಾತ ಹೊಡೆದ ಹುಲಿ ತಲೆ ಇದೆ, ವ್ಯಾನ್ ಇಂಗೆನ್‌ನಲ್ಲಿ ಮಾಡಿಸಿದ್ದು. ಮಗ ಟೆಕ್ಸಾಸ್‌ಗೆ ಬೇಕು ಅಂತಾನೆ.’ ಮೈಸೂರಿನ ಆ ಹೆಸರಾಂತ ಟ್ಯಾಕ್ಸಿಡರ್ಮಿ ಕಾರ್ಖಾನೆ 1999ರಲ್ಲೇ ಮುಚ್ಚಿತು, ಅದರ ಕೆಲಸಕ್ಕೆ ಇಂದಿಗೂ ಬೆಲೆ ಇದೆ, ಎಲ್ಲಾ ಸರಿ. ಆದರೆ ಭಾರತದಿಂದ ಅದನ್ನು ಹೊರಗೆ ಕಳಿಸುವ ಮಾತೇ ಇಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಮಾಲೀಕತ್ವದ ಪ್ರಮಾಣಪತ್ರ ಇದ್ದರೂ ಮಾರುವಂತಿಲ್ಲ. ‘ಅರಣ್ಯ ಇಲಾಖೆಯಲ್ಲಿ ಕಾಗದ ಸರಿಯಿದೆಯಾ ನೋಡಿಕೊಳ್ಳಿ, ತಲೆ ಗೋಡೆ ಮೇಲೇ ಇರಲಿ’ ಎನ್ನುತ್ತೇನೆ.

ಇನ್ನು ಕ್ರೇಟ್. ನನಗೆ ಇಷ್ಟವಾದ ಭಾಗ ಇದೇ. ಪೈನ್ ಮರವಾದರೆ ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು, ತೆನೆಯ ಚಿತ್ರವಿರುವ ಮುದ್ರೆ ಬಿದ್ದಿರಬೇಕು. ಮುದ್ರೆ ಇಲ್ಲದ ಒಂದು ಮರದ ಪಟ್ಟಿ ಸಾಕು, ಇಡೀ ಪೆಟ್ಟಿಗೆ ಬಂದರಿನಲ್ಲಿ ನಿಲ್ಲುತ್ತದೆ. ಮೌಂಟನ್ನು ಹಿಂದಿನ ಹಲಗೆಗೆ ಹೊರಗಿನಿಂದ ಸ್ಕ್ರೂ ಹಾಕಿ ಬಿಗಿಯುತ್ತೇವೆ. ಕಿವಿಗೆ, ಮೂಗಿಗೆ, ಕೊಂಬಿನ ತುದಿಗೆ ಏನೂ ತಾಗಬಾರದು. ಮೊದಲು ಮುರಿಯುವುದೇ ಕಿವಿ. ಸುತ್ತ ಫೋಮ್ ಚೂರು ತುಂಬಿ ಎಂದು ಗಿರಾಕಿಗಳು ಹೇಳುತ್ತಾರೆ, ನಾನು ಕೇಳುವುದಿಲ್ಲ. ದಾರಿಯುದ್ದಕ್ಕೂ ಅದು ಉಜ್ಜಿ ಕೂದಲು ಕೀಳುತ್ತದೆ. ಹಡಗಿನಲ್ಲಿ ಹೋಗುವುದಿದ್ದರೆ ತೇವ ಎಳೆಯಲು ಸಿಲಿಕಾ ಜೆಲ್ ಹಾಕುತ್ತೇವೆ. ಮುಚ್ಚುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ. ವಿಮೆಯವರು ಮೊದಲು ಕೇಳುವುದು ಅದನ್ನೇ.

ಮುಚ್ಚಳಕ್ಕೆ ಮೊಳೆ ಹೊಡೆಸುವುದಿಲ್ಲ, ಸ್ಕ್ರೂ ಮಾತ್ರ. ಅಮೆರಿಕದಲ್ಲಿ ವನ್ಯಜೀವಿ ಇಲಾಖೆಯವರು ಬಿಚ್ಚಿ ನೋಡಿದರೂ ಮತ್ತೆ ಸರಿಯಾಗಿ ಮುಚ್ಚಬಹುದು. ಯಾವ ಕಡೆಯಿಂದ ಬಿಚ್ಚಬೇಕು ಎಂದು ಕೆಂಪು ಬಣ್ಣದಲ್ಲಿ ಬರೆಯುತ್ತೇನೆ. ಪೆಟ್ಟಿಗೆ ತಲುಪಿದ ಮೇಲೆ ಗಿರಾಕಿಗೆ ಹೇಳುವುದು ಇಷ್ಟು: ಪರ್ಮಿಟ್ಟಿನ ಪ್ರತಿಗಳನ್ನು ಎಸೆಯಬೇಡಿ. ಮುಂದೆ ಬೇರೆ ದೇಶಕ್ಕೆ ಮನೆ ಬದಲಿಸಿದರೆ ಸೈಟಿಸ್ ಪಟ್ಟಿಯ ಪ್ರಾಣಿಗೆ ಮತ್ತೆ ರಫ್ತು ಕಾಗದ ಬೇಕು, ಆಗ ಈ ಪ್ರತಿ ಕೇಳುತ್ತಾರೆ.