ಸಜ್ಜಾ ಮೇಲಿದ್ದ ಹಳೇ ಎಲೆಕ್ಟ್ರಾನಿಕ್ಸ್ ಸಾಮಾನು ನಾನು ಹೆಂಗೆ ಸಾಗಿಸ್ದೆ

ಬೆಂಗಳೂರಿನ ನಮ್ಮ ಮನೇಲಿ ಈ ಸಲ ಸಜ್ಜಾ ಖಾಲಿ ಮಾಡಿದಾಗ ಸಿಕ್ಕಿದ್ದು ಒಂದು ಪಿಕ್ಚರ್ ಟ್ಯೂಬ್ ಟಿವಿ, ಸತ್ತೋದ ಲ್ಯಾಪ್‌ಟಾಪು, ಒಂದು ಸ್ಮಾರ್ಟ್‌ಫೋನು, ಚೀಲದ ತುಂಬ ಚಾರ್ಜರು, ಏಳೆಂಟು ಸಿಎಫ್‌ಎಲ್ ಬಲ್ಬು. "ಗುಜರಿಯವನಿಗೆ ಹಾಕ್ಬಿಡೋ, ನೂರಿನ್ನೂರು ಕೊಡ್ತಾನೆ" ಅಂದ್ರು ಅಮ್ಮ. ನಂಗೆ ಮನಸ್ಸೇ ಬರ್ಲಿಲ್ಲ, ಯಾಕಂದ್ರೆ ನಮ್ಮನೆ ಹಿಂದಿನ ಖಾಲಿ ಸೈಟಲ್ಲಿ ತಾಮ್ರಕ್ಕೋಸ್ಕರ ವೈರ್ ಸುಡೋದನ್ನ ಕಣ್ಣಾರೆ ನೋಡಿದೀನಿ, ಇಬ್ರು ಚಿಕ್ಕ ಹುಡುಗ್ರು ಆ ಕಪ್ಪು ಹೊಗೇಲೇ ಕೂತು ಕಡ್ಡೀಲಿ ಕೆದಕ್ತಿದ್ರು, ವೈರ್ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ರೆ ಡಯಾಕ್ಸಿನ್ ಬರುತ್ತೆ, ಅಂಥ ವಿಷ ಆ ಮಕ್ಕಳ ಎದೆಗೆ ಹೋಗ್ತಿತ್ತು.

ಮೊದಲು ಫೋನ್ ನೋಡ್ದೆ. ಬ್ಯಾಟರಿ ಪೂರಿ ಥರ ಉಬ್ಬಿ ಸ್ಕ್ರೀನನ್ನೇ ಒಂದು ಕಡೆ ಎತ್ತಿಬಿಟ್ಟಿತ್ತು, ಸಂದೀಲಿ ಬೆರಳಿನ ಉಗುರು ಹೋಗೋಷ್ಟು ಜಾಗ. ಇಂಥದ್ದನ್ನ ಒತ್ಬೇಡಿ, ಚುಚ್ಬೇಡಿ, ಚಾರ್ಜಿಗಂತೂ ಹಾಕ್ಲೇಬೇಡಿ, ಲಿಥಿಯಂ ಬ್ಯಾಟರಿ ಬೆಂಕಿ ಹತ್ಕೊಂಡ್ರೆ ಆರಿಸೋದು ಬಲು ಕಷ್ಟ. ನಾನು ಅಗಲ ಬಾಯಿನ ಡಬ್ಬಕ್ಕೆ ಒಣ ಮರಳು ಹಾಕಿ ಅದರೊಳಗಿಟ್ಟು, ಮುಚ್ಚಳ ಬಿಗಿಯದೆ ಸಡಿಲವಾಗೇ ಬಿಟ್ಟು ಬಾಲ್ಕನೀಲಿ ನೆರಳಲ್ಲಿಟ್ಟೆ. ಆನ್ ಮಾಡೋ ಹಂಗಿಲ್ಲವಲ್ಲ, ಅದಕ್ಕೆ ಬೇರೆ ಫೋನಿಂದ ಗೂಗಲ್ ಅಕೌಂಟಿಗೆ ಹೋಗಿ ಆ ಫೋನನ್ನ ಸೈನ್ ಔಟ್ ಮಾಡ್ದೆ, ಸಿಮ್ಮು ಮೆಮೊರಿ ಕಾರ್ಡು ತೆಗೆದಿಟ್ಕೊಂಡೆ. ಲ್ಯಾಪ್‌ಟಾಪಿಂದ ಹಾರ್ಡ್ ಡಿಸ್ಕ್ ಬಿಚ್ಚಿ ಮನೇಲೇ ಉಳಿಸ್ಕೊಂಡೆ, ತಂಗಿ ಮದುವೆ ಫೋಟೋ ಎಲ್ಲಾ ಅದರಲ್ಲೇ ಇತ್ತು.

ಟಿವಿ ಹಿಂದಿನ ಕವರ್ ನಾನು ಮುಟ್ಲಿಲ್ಲ, ನೀವೂ ಮುಟ್ಬೇಡಿ. ಆ ಟ್ಯೂಬಿನ ಗಾಜಲ್ಲಿ ಸೀಸ ಇರುತ್ತೆ, ಒಳಗೆ ಕರೆಂಟ್ ಚಾರ್ಜ್ ಉಳ್ಕೊಂಡಿರಬಹುದು. ಗುಜರಿಗೆ ಹೋದ್ರೆ ತಾಮ್ರದ ಸುರುಳಿ ಕಿತ್ಕೊಂಡು ಗಾಜನ್ನ ಮೋರಿ ಪಕ್ಕ ಬಿಸಾಕ್ತಾರೆ.

ಆಮೇಲೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕೃತ ರೀಸೈಕ್ಲರ್‌ಗಳ ಪಟ್ಟಿ ತೆಗೆದು ಫೋನ್ ಮಾಡ್ತಾ ಹೋದೆ. ಒಬ್ರು ಕಂಪನಿಗಳದ್ದು ಮಾತ್ರ ಅಂದ್ರು, ಇನ್ನೊಬ್ರು ಒಂದು ಮನೆಗೆ ಗಾಡಿ ಬರಲ್ಲ, ಜಾಸ್ತಿ ಸಾಮಾನಿದ್ರೆ ಬರ್ತೀವಿ ಅಂದ್ರು. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕ್ದೆ ನೋಡಿ, ಹದಿನಾಲ್ಕು ಮನೆಯವ್ರು ಮಿಕ್ಸಿ, ಯುಪಿಎಸ್, ಪ್ರಿಂಟರ್ ಅಂತ ತಂದು ಪಾರ್ಕಿಂಗಲ್ಲಿ ಗುಡ್ಡೆ ಹಾಕಿದ್ರು! ಭಾನುವಾರ ಗಾಡಿ ಬಂತು. ತೂಕ ಬರೆದ ರಸೀದಿ ಕೇಳಿ ಇಸ್ಕೊಂಡೆ, ಮರಳಿನ ಡಬ್ಬ ಬೇರೆಯಾಗೇ ಕೈಗೆ ಕೊಟ್ಟು ಒಳಗೆ ಉಬ್ಬಿದ ಬ್ಯಾಟರಿ ಇದೆ ಅಂತ ಹೇಳ್ದೆ. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮದಲ್ಲಿ ರೀಸೈಕ್ಲಿಂಗ್ ಜವಾಬ್ದಾರಿ ತಯಾರಕರದ್ದೇ, ಆದ್ರೆ ನಾವು ಸರಿಯಾದ ಕೈಗೆ ಕೊಡದಿದ್ರೆ ಅವರ ತನಕ ಹೋಗೋದಾದ್ರೂ ಹೆಂಗೆ?

ಸಿಎಫ್‌ಎಲ್ ಮಾತ್ರ ಅವ್ರು ತಗೊಳ್ಳಲಿಲ್ಲ, ಅದರೊಳಗಿರೋ ಪಾದರಸ ಹಿಡಿಯೋ ಮೆಷಿನ್ ನಮ್ಮಲ್ಲಿಲ್ಲ ಅಂದ್ರು. ಒಂದೊಂದಕ್ಕೂ ಪೇಪರ್ ಸುತ್ತಿ ರಟ್ಟಿನ ಡಬ್ಬೀಲಿ ವಾಪಸ್ ಸಜ್ಜಾ ಮೇಲಿಟ್ಟಿದೀನಿ, ಅದನ್ನ ತಗೊಳ್ಳೋರಿಗೋಸ್ಕರ ಪಟ್ಟೀಲಿ ಇನ್ನೂ ಫೋನ್ ಮಾಡ್ತಾನೇ ಇದೀನಿ.