ಕಲಬುರಗಿಯಿಂದ ಹೈದರಾಬಾದ್ ಮೇಲೆ ಜೆದ್ದಾಕ್ಕೆ: ವಿಮಾನದ ದೂರ, ಸಮಯದ ಲೆಕ್ಕ ಹಾಕುವುದು ಹೇಗೆ

ಟಿಕೆಟ್‌ನಲ್ಲಿ ರಾತ್ರಿ 10ಕ್ಕೆ ಹೈದರಾಬಾದ್ ಬಿಟ್ಟು 1:30ಕ್ಕೆ ಜೆದ್ದಾ ಮುಟ್ಟುತ್ತದೆ ಎಂದಿದ್ದರೆ ಅದು ಮೂರೂವರೆ ತಾಸಿನ ಪ್ರಯಾಣವಲ್ಲ, ಆರು ತಾಸಿನದು. ಟಿಕೆಟ್‌ನಲ್ಲಿ ಅಚ್ಚಾಗುವುದು ಆಯಾ ಊರಿನ ಗಡಿಯಾರದ ಸಮಯ. ಸೌದಿ ನಮಗಿಂತ ಎರಡೂವರೆ ತಾಸು ಹಿಂದೆ; ಹೋಗುವಾಗ ಅದನ್ನು ಕೂಡಿಸಿ, ಬರುವಾಗ ಕಳೆಯಿರಿ. ಬೆಳಗಿನ ಜಾವ 3ಕ್ಕೆ ಜೆದ್ದಾ ಬಿಟ್ಟು 11ಕ್ಕೆ ಹೈದರಾಬಾದಿಗೆ ಬಂದರೆ ಕಾಣುವುದು ಎಂಟು ತಾಸು, ಆಗುವುದು ಐದೂವರೆ.

ಇನ್ನು ದೂರ. ಗೂಗಲ್ ಮ್ಯಾಪ್ಸ್‌ನಲ್ಲಿ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿದು ಪಿನ್ ಹಾಕಿ, ‘ಮೆಷರ್ ಡಿಸ್ಟನ್ಸ್’ ಆಯ್ದು ನಕಾಶೆಯನ್ನು ಜೆದ್ದಾ ನಿಲ್ದಾಣದ ತನಕ ಸರಿಸಿ. ಸುಮಾರು 4,135 ಕಿ.ಮೀ. ಬರುತ್ತದೆ. ‘ಡೈರೆಕ್ಷನ್ಸ್’ ಒತ್ತಬೇಡಿ, ಅದು ರಸ್ತೆ ಹುಡುಕುತ್ತದೆ. ಬೇರೆ ಕಡೆ 2,570 ಎಂದು ಕಂಡರೆ ಅದು ಮೈಲಿ, 1.609ರಿಂದ ಗುಣಿಸಿ, 2,233 ಎಂದಿದ್ದರೆ ನಾಟಿಕಲ್ ಮೈಲಿ (ವಿಮಾನ, ಹಡಗಿನವರ ಅಳತೆ), 1.852ರಿಂದ ಗುಣಿಸಿ.

ಗೆರೆ ಬಾಗಿ ಕಂಡರೆ ಗಾಬರಿ ಬೇಡ. ಗುಂಡಗಿನ ಭೂಮಿಯನ್ನು ಚಪ್ಪಟೆ ನಕಾಶೆಗೆ ತಂದಾಗ ಹತ್ತಿರದ ದಾರಿಯೇ ಬಾಗುತ್ತದೆ. ಹೈದರಾಬಾದಿನಿಂದ ಶಿಕಾಗೊಗೆ ಅತಿ ಹತ್ತಿರದ ಗೆರೆ ಸುಮಾರು 13,280 ಕಿ.ಮೀ.; ಅದು ಹೆಚ್ಚುಕಡಿಮೆ ನೇರ ಉತ್ತರಕ್ಕೆ ಹೊರಟು ಆರ್ಕ್ಟಿಕ್ ದಾಟುತ್ತದೆ.

ವಿಮಾನ ತಾಸಿಗೆ ಸುಮಾರು 850 ಕಿ.ಮೀ. ಹಾರುತ್ತದೆ ಎಂದಿಟ್ಟುಕೊಂಡು ದೂರವನ್ನು 850ರಿಂದ ಭಾಗಿಸಿ. 4,135ಕ್ಕೆ 4.86 ಬರುತ್ತದೆ. ಇದನ್ನು 4 ತಾಸು 86 ನಿಮಿಷ ಎಂದು ಓದುವವರೇ ಜಾಸ್ತಿ; .86ನ್ನು 60ರಿಂದ ಗುಣಿಸಿದರೆ 52 ನಿಮಿಷ. ರನ್‌ವೇ ತನಕ ಸಾಗುವುದಕ್ಕೆ, ಏರುವುದಕ್ಕೆ, ಇಳಿಯುವುದಕ್ಕೆ ಅರ್ಧದಿಂದ ಮುಕ್ಕಾಲು ತಾಸು ಸೇರಿಸಿ. ಟಿಕೆಟ್‌ನ ಆರು ತಾಸಿಗೂ ಇದಕ್ಕೂ ಇರುವ ಅಂತರ ಬಹುಪಾಲು ಗಾಳಿಯದು: ಹತ್ತು ಕಿ.ಮೀ. ಎತ್ತರದಲ್ಲಿ, ಅದರಲ್ಲೂ ಚಳಿಗಾಲದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಆಕಾಶದ ದಾರಿ ಮುಚ್ಚಿದರೂ ಲೆಕ್ಕ ತಪ್ಪುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ದಾರಿ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವು ಸುತ್ತು ಹಾಕಬೇಕಾಯಿತು.

ದುಬೈ ಮೇಲೆ ಹೋದರೆ 2,547 ಮತ್ತು 1,698, ಒಟ್ಟು 4,245 ಕಿ.ಮೀ. ದೂರ ಹೆಚ್ಚುವುದು 110 ಮಾತ್ರ. ಆದರೆ ಇನ್ನೊಂದು ಸಲ ಇಳಿದು ಏರಬೇಕು, ನಡುವೆ ಕಾಯಬೇಕು. ಹಾಗಾಗಿ ಎರಡು ಹಾರಾಟ ಬೇರೆ ಬೇರೆ ಲೆಕ್ಕ ಹಾಕಿ ಕಾಯುವ ಹೊತ್ತು ಕೂಡಿಸಿ.

ನಮ್ಮ ಕಡೆಯವರು ಎಡವುವುದು ತಾರೀಖಿನಲ್ಲಿ. ಟಿಕೆಟ್ ‘15, 00:40’ ಎಂದಿದ್ದರೆ ಅದು 14ರ ನಡುರಾತ್ರಿ ಕಳೆದು 40 ನಿಮಿಷ; ಮೂರು ತಾಸು ಮೊದಲು, ಅಂದರೆ 14ರ ರಾತ್ರಿ 9:40ಕ್ಕೇ ಶಂಶಾಬಾದಿನಲ್ಲಿರಬೇಕು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲೇ ಮುಚ್ಚುತ್ತದೆ. 15ರ ಸಂಜೆ ಮನೆ ಬಿಟ್ಟರೆ ವಿಮಾನ ಹೋಗಿ ಹಗಲೇ ಕಳೆದಿರುತ್ತದೆ. ಬೀದರಿನವರಿಗೆ ಜಹೀರಾಬಾದ್, ಸಂಗಾರೆಡ್ಡಿ ಮೇಲೆ ಹೊರವರ್ತುಲ ರಸ್ತೆ ಹಿಡಿಯುವುದು ಸಲೀಸು. ಕಲಬುರಗಿಯಿಂದ ವಾಡಿ, ತಾಂಡೂರು ಮಾರ್ಗದ ರೈಲಿನಲ್ಲಿ ಬರುವವರು ಹೈದರಾಬಾದ್ ಸ್ಟೇಷನ್ನಿನಿಂದ ಶಂಶಾಬಾದಿಗೆ ಬೇರೆ ಒಂದೂವರೆ ತಾಸು ಇಟ್ಟುಕೊಳ್ಳಬೇಕು. ರೈಲು ತಡವಾದರೆ ಎಂದು ಇನ್ನೆರಡು ತಾಸು.