ಕೆಮ್ಮಿಸಿ ಕೇಳಿದರೆ ಸಿಗುವ ನಂಬರೇ ಬೇರೆ

ಸರ್ಜಿಕಲ್ ವಾರ್ಡ್‌ನಲ್ಲಿ ನರ್ಸ್ ಆಗಿ ನನಗೆ ಹೆಚ್ಚುಕಡಿಮೆ 11 ವರ್ಷ. ನಾನೀಗ ನೋವನ್ನು ಕೇಳುವ ರೀತಿಯನ್ನು ಮೊದಲು ಯಾರೂ ಒಪ್ಪಿರಲಿಲ್ಲ. "ಇಷ್ಟೆಲ್ಲ ಕೇಳ್ತಾ ಕೂತರೆ ಉಳಿದ ಕೆಲಸ ಯಾರು ಮಾಡ್ತಾರೆ?" ಅಂದಿದ್ದರು ಇನ್‌ಚಾರ್ಜ್ ಸಿಸ್ಟರ್. ಈಗ ಅವರೇ ಹೊಸಬರನ್ನು ನನ್ನ ಜೊತೆ ಡ್ಯೂಟಿಗೆ ಹಾಕುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನೋವಿಗೆ 0ಯಿಂದ 10ರ ಸ್ಕೋರ್ ನಿಮಗೆಲ್ಲ ಗೊತ್ತು, 0 ಅಂದರೆ ನೋವೇ ಇಲ್ಲ, 10 ಅಂದರೆ ತಡೆಯಲಾಗದ ನೋವು. ನಾನೂ ವರ್ಷಗಟ್ಟಲೆ ಅದನ್ನು ಕೇಳಿ, ಚಾರ್ಟಿನಲ್ಲಿ ಬರೆದು, ಮುಂದಿನ ಬೆಡ್‌ಗೆ ಹೋಗುತ್ತಿದ್ದೆ. ಹೊಟ್ಟೆ ಆಪರೇಷನ್ ಆದ ಒಬ್ಬ ಅಜ್ಜ ಎಲ್ಲ ಶಿಫ್ಟಿನಲ್ಲೂ "2" ಅಂದರು. ಮೂರನೇ ದಿನ ಜ್ವರ, ಏದುಸಿರು, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 89. ಕಫ ಕಟ್ಟಿ ನ್ಯುಮೋನಿಯಾ ಆಗಿತ್ತು. ಅಜ್ಜ ಸುಳ್ಳು ಹೇಳಿರಲಿಲ್ಲ. ಸುಮ್ನೆ ಮಲಗಿದ್ದಾಗ ನೋವು 2 ಇತ್ತು. ಅದು 2 ಆಗಿಯೇ ಇರಲಿ ಅಂತ ಅವರು ಮಗ್ಗುಲು ಬದಲಿಸಿರಲಿಲ್ಲ, ಕೆಮ್ಮು ಬಂದರೂ ನುಂಗಿಕೊಂಡಿದ್ದರು. ಒಂದು ವಾರ ಜಾಸ್ತಿ ಬೆಡ್ ಚಾರ್ಜ್, ಆಂಟಿಬಯೋಟಿಕ್, ದಿನಾ ಎಕ್ಸ್‌ರೇ. ಆ ಬಿಲ್ ಹೊಂದಿಸಲು ಅವರ ಮಗ ಓಡಾಡಿದ್ದು ನನ್ನ ಕಣ್ಣಿಗೆ ಕಟ್ಟಿದೆ.

ಅವತ್ತಿನಿಂದ ಎರಡು ನಂಬರ್ ಬರೆಯುತ್ತೇನೆ. ಮಲಗಿದ್ದಾಗ ಒಂದು, ಕೆಮ್ಮಿಸಿ ಅಥವಾ ಮಗ್ಗುಲು ತಿರುಗಿಸಿ ಇನ್ನೊಂದು. 2/7 ಅಂತ ಬರೆದರೆ ಡಾಕ್ಟರ್ ಕೂಡ ನಿಂತು ನೋಡುತ್ತಾರೆ. ಸೊನ್ನೆ ಮಾಡಲು ನಾನು ಹೋಗುವುದಿಲ್ಲ. ಆಳವಾಗಿ ಉಸಿರೆಳೆದು, ಕೆಮ್ಮಿ, ಎದ್ದು ಕೂರಲು ಆದರೆ 3–4 ಇದ್ದರೂ ಸಾಕು.

ಎರಡನೆಯದು ಎಸ್‌ಒಎಸ್ ಅನ್ನುವ ಪದ, ಅಂದರೆ ಬೇಕೆಂದಾಗ ಮಾತ್ರ ಕೊಡಿ ಅಂತ. ಪ್ಯಾರಸಿಟಮಾಲ್ ಅನ್ನು ಎಸ್‌ಒಎಸ್ ಅಂತ ಬರೆದರೆ ಅದು ಹೊತ್ತಿಗೆ ಸರಿಯಾಗಿ ಪೇಶೆಂಟ್ ಹೊಟ್ಟೆ ಸೇರುವುದೇ ಇಲ್ಲ. ಅರ್ಧ ಜನ ಕೇಳುವುದಿಲ್ಲ, ಕೇಳಿದವರಿಗೆ ನಾವು ಕೊಡುವಷ್ಟರಲ್ಲಿ ನೋವು 8 ದಾಟಿರುತ್ತದೆ. ಡಾಕ್ಟರ ಹಿಂದೆ ಬಿದ್ದು 6 ಗಂಟೆಗೊಮ್ಮೆ 1 ಗ್ರಾಂ ಅಂತ ಬರೆಸಿದೆ. 50 ಕೆಜಿ ಮೇಲಿನವರಿಗೆ ಮಾತ್ರ ಈ ಲೆಕ್ಕ, ಲಿವರ್ ತೊಂದರೆ ಇದ್ದವರಿಗೆ ಬೇರೆ. ದಿನಕ್ಕೆ 4 ಗ್ರಾಂ ಮೀರಬಾರದು. ಟ್ರಮಡಾಲ್ ಅನ್ನುವ ಇನ್ನೊಂದು ನೋವಿನ ಔಷಧಿ ಜೊತೆ ಸೇರಿಸಿದ ಮಾತ್ರೆಯಲ್ಲೂ ಪ್ಯಾರಸಿಟಮಾಲ್ ಇರುತ್ತದೆ, ಒಂದು ಸಲ ನಾನೇ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಫಾರ್ಮಸಿಯವರು ಹಿಡಿದರು.

ದುಡ್ಡಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬಾಯಿಂದ ತೆಗೆದುಕೊಳ್ಳಲು ಶುರುಮಾಡಿದವರಿಗೂ ಐವಿ (ರಕ್ತನಾಳಕ್ಕೆ ನೇರ ಹನಿಸುವ) ಬಾಟಲಿ ಹಾಕುವ ಅಭ್ಯಾಸ ನಮ್ಮಲ್ಲಿತ್ತು. ಐವಿ ಅಂದರೆ ಪವರ್ ಜಾಸ್ತಿ ಅನ್ನುವ ನಂಬಿಕೆ. ಬಾಟಲಿಗೆ ಮಾತ್ರೆಯ ಎಷ್ಟೋ ಪಟ್ಟು ಬೆಲೆ, ಮೇಲೆ ಸೆಟ್ಟಿನ ಖರ್ಚು, 15 ನಿಮಿಷ ಹನಿಸುವ ಕೆಲಸ. ಮಾತ್ರೆಗೆ ಬದಲಿಸಿದೆವು. ಸ್ಕೋರ್ ಮೇಲೇರಲಿಲ್ಲ.

ಮೂರನೆಯದು, ಔಷಧಿ ಕೊಟ್ಟ ಮೇಲೆ ಸ್ಕೋರ್ ನೋಡಲು ವಾಪಸ್ ಹೋಗುವುದು. ಐವಿ ಕೊಟ್ಟರೆ ಅರ್ಧ ಗಂಟೆ, ಮಾತ್ರೆ ಕೊಟ್ಟರೆ ಒಂದು ಗಂಟೆ. ನಾನು ಅತಿ ಹೆಚ್ಚು ಸೋತಿದ್ದು ಇಲ್ಲೇ. ನೆನಪಿಟ್ಟುಕೊಳ್ಳುತ್ತೇನೆ ಅಂದುಕೊಂಡೆ, ಆಗಲಿಲ್ಲ. ಅಂಗೈ ಮೇಲೆ ಬರೆದುಕೊಂಡೆ, ಹ್ಯಾಂಡ್‌ರಬ್‌ಗೆ ಅಳಿಸಿಹೋಯಿತು. ಈಗ ಔಷಧಿ ಟ್ರಾಲಿಯ ಮೇಲೆ ಒಂದು ಗುರುತು ಇಡುತ್ತೇನೆ. ಅದೇನು ಅನ್ನುವುದು ನನ್ನ ಜೊತೆ ಡ್ಯೂಟಿ ಮಾಡಿದವರಿಗೇ ಇರಲಿ.

ವಾಪಸ್ ಹೋಗದೆ ಒಬ್ಬರನ್ನು ಕಳೆದುಕೊಳ್ಳುವುದರಲ್ಲಿದ್ದೆ. ಮಾರ್ಫಿನ್ ಕೊಟ್ಟ ಮೇಲೆ ಸ್ಕೋರ್ 3ಕ್ಕೆ ಇಳಿಯಿತು ಅಂತ ಖುಷಿಯಲ್ಲಿ ಬೇರೆ ಕಡೆ ಹೋದೆ. ತಿರುಗಿ ಬಂದಾಗ ಆ ಅಮ್ಮ ಹೆಸರು ಹೇಳುತ್ತಾ ಹೇಳುತ್ತಾ ನಿದ್ದೆಗೆ ಜಾರಿದರು. ಉಸಿರು ಎಣಿಸಿದೆ, ನಿಮಿಷಕ್ಕೆ 8. ಆಕ್ಸಿಜನ್ ಹಾಕಿ ಡಾಕ್ಟರನ್ನು ಕೂಗಿದೆ, ಮಾರ್ಫಿನ್ ಪರಿಣಾಮ ಇಳಿಸುವ ನಲಾಕ್ಸೋನ್ ಸ್ವಲ್ಪ ಸ್ವಲ್ಪವಾಗಿ ಕೊಟ್ಟರು. ಅದರ ಪರಿಣಾಮ ಮಾರ್ಫಿನ್‌ಗಿಂತ ಬೇಗ ಇಳಿಯುತ್ತದೆ, ಅಲ್ವಾ? ಹಾಗಾಗಿ ಶಿಫ್ಟ್ ಮುಗಿಯುವವರೆಗೂ ಪಕ್ಕದಿಂದ ಏಳಲಿಲ್ಲ. ಸಾಮಾನ್ಯವಾಗಿ ಉಸಿರು ಇಳಿಯುವ ಮೊದಲು ಮಂಪರು ಬರುತ್ತದೆ. ಸ್ಕೋರ್ ಕೇಳುವ ಮೊದಲು ನಾನೀಗ ಕಣ್ಣು ನೋಡುತ್ತೇನೆ.

ಬೇರೆ ಪ್ರಯೋಗಗಳೂ ಆದವು. ಹೊಟ್ಟೆಯ ಗಾಯಕ್ಕೆ ದಿಂಬು ಒತ್ತಿ ಹಿಡಿಸಿ ಕೆಮ್ಮಿಸಿದರೆ 7 ಅನ್ನುವವರು 5 ಅನ್ನುತ್ತಾರೆ, ಖರ್ಚಿಲ್ಲ. ಮಂಡಿ ಆಪರೇಷನ್‌ಗೆ ಬಟ್ಟೆ ಸುತ್ತಿದ ಐಸ್ ಪ್ಯಾಕ್ ಒಳ್ಳೆಯದು. ಹಾಡು ಹಾಕಿ ನೋಡಿದೆ. ನಿದ್ದೆ ಬಂತು, ಸ್ಕೋರ್ ಅಲ್ಲೇ ಇತ್ತು. ಮರೆವಿನ ಕಾಯಿಲೆಯವರ ಹತ್ತಿರ ನಂಬರ್ ಕೇಳುವುದನ್ನು ಬಿಟ್ಟು ಹುಬ್ಬು, ನರಳಿಕೆ, ಮುಷ್ಟಿ ನೋಡುತ್ತೇನೆ.

ಒಂದು ರಾತ್ರಿ ಒಬ್ಬರು 9 ಅಂತ ಕಿರುಚುತ್ತಿದ್ದರು. ಎರಡು ಡೋಸ್ ಆಗಿತ್ತು, ಮೂರನೆಯದಕ್ಕೆ ಆರ್ಡರ್ ಬಂದಿತ್ತು. ಹೊದಿಕೆ ಸರಿಸಿ ಕಿಬ್ಬೊಟ್ಟೆ ಮುಟ್ಟಿದೆ, ಕಲ್ಲಿನ ಹಾಗಿತ್ತು. ಮೂತ್ರ ಇಳಿಸುವ ಕ್ಯಾತಿಟರ್ ಟ್ಯೂಬ್ ತೊಡೆಯ ಕೆಳಗೆ ಮಡಚಿಕೊಂಡಿತ್ತು. ಬಿಡಿಸಿದೆ, ಸುಮಾರು 800 ಎಂಎಲ್ ಇಳಿಯಿತು. ಹತ್ತು ನಿಮಿಷಕ್ಕೆ ಸ್ಕೋರ್ 3.

ಕಾಲಿಗೆ ಪ್ಲಾಸ್ಟರ್ ಹಾಕಿದವರ ವಿಷಯದಲ್ಲಿ ಇನ್ನೂ ಎಚ್ಚರ. ಕೊಟ್ಟ ಡೋಸಿಗೆ ಬಗ್ಗದ ನೋವು, ಬೆರಳನ್ನು ನಾವು ಮೆಲ್ಲಗೆ ಹಿಂದಕ್ಕೆ ಬಾಗಿಸಿದರೂ ಚೀರಾಟ, ಇವೆರಡು ಕಂಡರೆ ಕಾಲಿನೊಳಗೆ ಒತ್ತಡ ಏರುತ್ತಿರಬಹುದು, ಇನ್ನೊಂದು ಇಂಜೆಕ್ಷನ್ ತುಂಬಿಸಿಕೊಳ್ಳಲು ಹೋಗಬೇಡಿ. ಪಾದದಲ್ಲಿ ನಾಡಿ ಸಿಗುತ್ತಿದೆ ಅಂತ ಸಮಾಧಾನವನ್ನೂ ಪಟ್ಟುಕೊಳ್ಳಬೇಡಿ. ರಾತ್ರಿ ಎಷ್ಟೇ ಗಂಟೆಯಾಗಿರಲಿ, ಸರ್ಜನ್‌ಗೆ ಫೋನ್ ಮಾಡಿ ಎಬ್ಬಿಸಿ. ನಾನು ಹಾಗೆ ಮೂರು ಸಲ ಎಬ್ಬಿಸಿದ್ದೇನೆ. ಎರಡು ಸಲ ಪ್ಲಾಸ್ಟರ್ ಸೀಳಿದ್ದೇ ಸಾಕಾಯಿತು. ಒಂದು ಸಲ ಸೀಳಿದರೂ ಇಳಿಯದೆ ನೇರ ಥಿಯೇಟರ್‌ಗೆ ಕರೆದುಕೊಂಡು ಹೋದರು, ಕಾಲು ಉಳಿಯಿತು.